ರಾಜೀವಿಯ ಕೋಣೆಯಲ್ಲಿ ತೆಗೆದ ಚಿತ್ರ

ಪರೇಲಿನಲ್ಲಿ ಮಿಲ್ಲಿನವರು ಸಾಲುಕೋಣೆಗಳಲ್ಲಿ ಬಾಡಿಗೆಗಿದ್ದ ಆ ಚಾಳಿನಲ್ಲಿ ಮೂರನೆಯ ಮಾಳಿಗೆಯ ಮೂಲೆ ಕೋಣೆಗೆ ಮಾತ್ರ ಎರಡು ಕಡೆಯಿಂದ ಬೆಳಕು ಬರುತ್ತಿತ್ತು. ರಾಜೀವಿ ಕಿಟಕಿಯ ಬುಡಕ್ಕೆ ಹೊಲಿಗೆ ಯಂತ್ರ ಎಳೆದುಕೊಂಡು ಕೂತರೆ ಸಂಜೆ ಮಿಲ್ಲಿನ ಭೋಂಗಾ ಕೂಗುವವರೆಗೂ ದೀಪದ ಗೊಡವೆ ಇರಲಿಲ್ಲ. ಅವಳ ಗಂಡ ಐತ ಅದೇ ಮಿಲ್ಲಿನಲ್ಲಿ ಹತ್ತಿ ಬಿಡಿಸುವ ಖಾತೆಯಲ್ಲಿ ದುಡಿದವನು. ಹತ್ತಿಯ ಧೂಳು ಎದೆಯಲ್ಲಿ ಕೂತು, ವರ್ಷವಿಡೀ ಕೆಮ್ಮಿ ಕೆಮ್ಮಿ, ಒಂದು ಮಳೆಗಾಲದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಸುದ್ದಿ ತಿಳಿದು ಊರಿನಿಂದ ಬಂದ ಅತ್ತೆ ಅಕ್ಕು ತಿರುಗಿ ಹೋಗದೆ ಸೊಸೆಯ ಜೊತೆಗೇ ಉಳಿದಳು.

ಅಕ್ಕು ಬಂದು ಮುಟ್ಟುವಾಗ ಮಗನ ಬೂದಿಯೂ ಸಮುದ್ರ ಸೇರಿಯಾಗಿತ್ತು. ಗಂಟನ್ನು ಕೋಣೆಗಳ ಮುಂದಿನ ಗ್ಯಾಲರಿಯಲ್ಲೇ ಬಿಟ್ಟು, ಹೊಸ್ತಿಲ ಮೇಲೆ ಕುಸಿದು ಕೂತು, ಅವಳು ಒಂದೇ ಮಾತು ಕೇಳಿದ್ದಳು.

"ಕಡೆಗೆ ಒಂದು ಗುಟುಕು ನೀರಾದರೂ ಕುಡಿದನಾ?"

"ಕುಡಿದರು ಅತ್ತೆ. ನನ್ನ ತೊಡೆ ಮೇಲೆ ತಲೆ ಇಟ್ಟು ಕುಡಿದರು."

ಅದು ಸುಳ್ಳು. ಆ ಬೆಳಿಗ್ಗೆ ಐತ ನೀರು ಕೇಳಿದ್ದು ನಿಜ. ಕೊಡದಲ್ಲಿ ನೀರಿರಲಿಲ್ಲ. ಈಗ ತಂದೆ ಎಂದು ರಾಜೀವಿ ಗ್ಯಾಲರಿಯ ಆ ತುದಿಯ ನಲ್ಲಿಗೆ ಹೋದಳು. ಸಾಲಿನಲ್ಲಿದ್ದ ಪಕ್ಕದ ಕೋಣೆಯ ಸೇವಂತಿ, ಬಾಡಿಗೆ ವಸೂಲಿಯವನು ಮೆಟ್ಟಿಲಲ್ಲಿ ಜಾರಿದ್ದನ್ನು ಸೊಂಟ ಬಳುಕಿಸಿ ಮಾಡಿ ತೋರಿಸುತ್ತಿದ್ದಳು. ರಾಜೀವಿಗೆ ನಗು ತಡೆಯಲಾಗಲಿಲ್ಲ. ತಿಂಗಳುಗಟ್ಟಲೆ ಕೆಮ್ಮು, ಕಷಾಯ, ರಕ್ತದ ಬಟ್ಟೆಗಳ ನಡುವೆ ಇದ್ದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊಡ ತುಂಬಿ ಹರಿದ ಮೇಲೂ, ಇನ್ನೊಂದು ಚೂರು ಹೊತ್ತು ಆ ಕೋಣೆಯ ಹೊರಗಿರೋಣ ಎನಿಸಿ ನಿಂತಳು. ತಿರುಗಿ ಬಂದಾಗ ಐತನ ಜೀವ ಹೋಗಿತ್ತು. ಮುಖ ಬಾಗಿಲ ಕಡೆಗಿತ್ತು. ನಲ್ಲಿಯ ಹತ್ತಿರ ಮಾತಾಡಿದ್ದು ಕೋಣೆಯೊಳಗೆ ಸ್ಪಷ್ಟವಾಗಿ ಕೇಳುತ್ತದೆ ಎಂಬುದು ಚಾಳಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ.

ಅಕ್ಕುವಿಗೆ ಮಾತ್ರ ಸೊಸೆ ಹೇಳಿದ ಆ ಒಂದು ಮಾತೇ ಊರುಗೋಲಾಯಿತು. ಗ್ಯಾಲರಿಯಲ್ಲಿ ಕೂತು ಅಕ್ಕಿ ಆರಿಸುತ್ತ, ಹೋಗುವವರನ್ನೂ ಬರುವವರನ್ನೂ ಕರೆದು ಹೇಳುವಳು. ದಿನ ಕಳೆದಂತೆ ನೀರಿಗೆ ತುಳಸಿ ಎಲೆ ಸೇರಿತು. ಕಡೆಗೆ ಐತ "ಅಮ್ಮಾ" ಅಂದದ್ದೂ ಸೇರಿತು. ಒಳಗೆ ಯಂತ್ರ ತುಳಿಯುತ್ತಿದ್ದ ರಾಜೀವಿ ಒಂದು ಸಲವೂ ಇಲ್ಲ ಎನ್ನಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಮೂವರು ಗಂಡಸರು ಆ ಚಾಳಿಗೆ ಕೋಣೆ ಹುಡುಕಿಕೊಂಡು ಬಂದರು. ಮುಂದಾಳು ಜಯಸಿಂಹ ಮೈಸೂರಿನ ಕಡೆಯವನು, ಇಲ್ಲಿನ ಕೋಟೆ ಭಾಗದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಕಿಟ್ಟು ದಾದರಿನ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದವನು. ಯಜಮಾನನನ್ನು ಕಾಡಿ ಬೇಡಿ, ಕೀಲಿ ಕೊಟ್ಟು ಓಡಿಸುವ ಪುಟ್ಟ ಕ್ಯಾಮರಾವನ್ನು ಭಾನುವಾರಗಳ ಮಟ್ಟಿಗೆ ತರುತ್ತಿದ್ದ. ಮೂರನೆಯವನು ರಮಾನಾಥ, ಬಾಂದ್ರಾದ ಶಾಲೆಯೊಂದರಲ್ಲಿ ಮೇಷ್ಟ್ರು, ತಂಡದ ನಟ. ಕಾಲು ಗಂಟೆಯ, ಮಾತಿಲ್ಲದ ಚಿತ್ರವೊಂದನ್ನು ತೆಗೆಯುವ ಹುಚ್ಚು ಮೂವರಿಗೂ ಹಿಡಿದಿತ್ತು. ದೀಪಗಳಿಗೆ ಗತಿ ಇರಲಿಲ್ಲವಾದ್ದರಿಂದ ಬೆಳಕಿರುವ ಕೋಣೆಯೇ ಬೇಕಿತ್ತು.

ಜಯಸಿಂಹ ಕೋಣೆ ನೋಡಿ ಹೊರಡುವಾಗ ಅಕ್ಕು ಅವನನ್ನೂ ಕೂರಿಸಿಕೊಂಡು, ತುಳು ಬೆರೆತ ಕನ್ನಡದಲ್ಲಿ ಮಗನ ಸಾವಿನ ಕಥೆ ಹೇಳಿದಳು. ಕೇಳುತ್ತ ಕೇಳುತ್ತ ಅವನ ಕಣ್ಣು ತುಂಬಿತು. ಮುಂದಿನ ವಾರ ಬಂದವನು ತನ್ನ ಹಳೆಯ ಕಥೆಯನ್ನು ಕೈಬಿಟ್ಟಿದ್ದ.

"ಅಮ್ಮಾ, ನಿಮ್ಮ ಯಜಮಾನರ ಕಥೇನೇ ತೆಗೀತೀವಿ," ಎಂದ ರಾಜೀವಿಗೆ. "ಹೆಂಡತಿ ಪಾತ್ರಕ್ಕೆ ಒಪ್ಪಿಕೊಂಡಿದ್ದ ಹುಡುಗೀನ ಮನೇಲಿ ಬಿಡ್ತಾ ಇಲ್ಲ. ನೀವೇ ಮಾಡಬೇಕು. ನಟನೆ ಗಿಟನೆ ಏನೂ ಬೇಡ. ಅವತ್ತು ಹೇಗಿದ್ರೋ ಹಾಗಿದ್ರೆ ಸಾಕು."

ರಾಜೀವಿ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದಳು. "ನನ್ನಿಂದಾಗುದಿಲ್ಲ. ಬೇರೆ ಯಾರನ್ನಾದರೂ ನೋಡಿ."

ಹಿಂದಿನಿಂದ ಅಕ್ಕು ಹೇಳಿದಳು: "ಎಂತಕ್ಕೆ ಆಗುದಿಲ್ಲ? ನನ್ನ ಮಗನ ಕಡೆಗಾಲ ನೋಡುವ ಭಾಗ್ಯ ನನಗಿರಲಿಲ್ಲ. ಈಗಲಾದರೂ ನೋಡ್ತೇನೆ. ಮಾಡು ಮಗಾ."

ರಾಜೀವಿ ಜಯಸಿಂಹನ ಕಡೆ ತಿರುಗಿ, ಯಾವ ಭಾನುವಾರ ಎಂದು ಕೇಳಿದಳು.

ಎರಡು ಭಾನುವಾರ ನಲ್ಲಿಯ ಸಾಲು, ಗ್ಯಾಲರಿ, ಕೊಡ ಹೊತ್ತು ಬರುವುದು ಎಲ್ಲ ಆಯಿತು. ಚಾಳಿನ ಹೆಂಗಸರು ಸಾಲಿನಲ್ಲಿ ನಿಂತುಕೊಟ್ಟರು. ಮೂರನೆಯ ಭಾನುವಾರ ಒಳಗಿನ ಕೆಲಸ. ಬಿಳಿ ಧೋತರವೊಂದನ್ನು ಕಿಟಕಿಯ ಎದುರಿಗೆ ಕಟ್ಟಿ ಬೆಳಕನ್ನು ಮಂಚದ ಮೇಲೆ ತಿರುಗಿಸಿದರು. ರಮಾನಾಥ ಕೆನ್ನೆಗೆ ಬೂದಿ ಸವರಿಕೊಂಡು ಐತನ ಮಂಚದಲ್ಲಿ ಮಲಗಿದ. ಗಟ್ಟಿಮುಟ್ಟಾದ ಆಳು, ಬೂದಿಯ ಕೆಳಗೂ ಕೆನ್ನೆ ಮಿನುಗುತ್ತಿತ್ತು. ಅದನ್ನು ನೋಡಿ ರಾಜೀವಿಗೆ ಧೈರ್ಯವೇ ಬಂದಿತು. ಇವನೆಲ್ಲಿ, ಅವರೆಲ್ಲಿ.

ಆದರೆ ಅವನು ಕಣ್ಣು ಮುಚ್ಚಿ ನೀರಿಗೆಂದು ತುಟಿ ಆಡಿಸಿದ ಕೂಡಲೇ ಅವಳ ಕೈ ತಾನಾಗಿ ಅವನ ಕತ್ತಿನ ಕೆಳಗೆ ಹೋಯಿತು. ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಲೋಟವನ್ನು ತುಟಿಗೆ ಹಚ್ಚಿ, ಸ್ವಲ್ಪ ಸ್ವಲ್ಪವೇ, ನೆತ್ತಿಗೇರದ ಹಾಗೆ ಕುಡಿಸಿದಳು. ಕ್ಯಾಮರಾದ ಕೀಲಿ ಮುಗಿದು ಅದು ಸುಮ್ಮನಾಯಿತು. ಸಾಕು ಎಂದ ಜಯಸಿಂಹ. ಅವಳು ನಿಲ್ಲಿಸಲಿಲ್ಲ. ಲೋಟ ಬರಿದಾಗುವ ತನಕ ಕುಡಿಸಿ, ಸೆರಗಿನಿಂದ ಅವನ ಬಾಯಿ ಒರೆಸಿದಳು. ರಮಾನಾಥನೂ ಮಿಸುಕದೆ ಕುಡಿದ. ಬಾಗಿಲಲ್ಲಿ ಕೂತಿದ್ದ ಅಕ್ಕು ಕೈಮುಗಿದುಕೊಂಡಿದ್ದಳು.

ಅಂದಿನಿಂದ ರಾಜೀವಿಗೆ ನಿದ್ದೆ ಬರತೊಡಗಿತು. ಕಣ್ಣು ಮುಚ್ಚಿದರೆ ಬಾಗಿಲ ಕಡೆ ತಿರುಗಿದ್ದ ಆ ಮುಖ ಕಾಣುತ್ತಿರಲಿಲ್ಲ. ತೊಡೆಯ ಮೇಲಿನ ತಲೆಯ ಭಾರವೇ ನೆನಪಾಗುತ್ತಿತ್ತು. ಒಮ್ಮೆ ಸೇವಂತಿಯೊಡನೆ ಮಾತಾಡುವಾಗ, ನೀರು ಕುಡಿದೇ ಹೋದರು ಅವರು, ಎಂದು ಯಾರೂ ಕೇಳದೆ ತಾನೇ ಹೇಳಿದಳು. ಹೇಳಿ ಮುಗಿಸಿದ ಮೇಲೂ ಅದು ಸುಳ್ಳು ಎಂದು ಅನಿಸಲಿಲ್ಲ.

ಚಳಿಗಾಲದಲ್ಲಿ, ಪರೇಲಿನ ಒಂದು ಕನ್ನಡ ರಾತ್ರಿಶಾಲೆಯ ಕೊಠಡಿಯಲ್ಲಿ ಸಂಜೆ ಚಿತ್ರ ತೋರಿಸಿದರು. ಗೋಡೆಗೆ ಬೆಡ್‌ಶೀಟು, ಬೆಂಚುಗಳ ತುಂಬ ಮಿಲ್ಲಿನವರು, ಹೋಟೆಲಿನವರು. ಅಕ್ಕುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಪಕ್ಕದಲ್ಲಿ ರಾಜೀವಿ.

ಬೆಡ್‌ಶೀಟಿನ ಮೇಲೆ ತಮ್ಮ ಕೋಣೆ ಮೂಡಿದಾಗ ಅಕ್ಕು ಸೊಸೆಯ ಕೈ ಹಿಡಿದುಕೊಂಡಳು. ಮಂಚದಲ್ಲಿ ಮಲಗಿದವನು ತುಟಿ ಆಡಿಸಿದ. ಹೆಂಗಸು ಕೊಡ ಎತ್ತಿಕೊಂಡು ಹೊರಗೆ ಹೋದಳು. ಮತ್ತೆ ಮಂಚ; ಅವನ ಕಣ್ಣು ಬಾಗಿಲ ಮೇಲೆ. ಆಮೇಲೆ ನಲ್ಲಿಯ ಸಾಲು. ಅಲ್ಲಿ ರಾಜೀವಿ ತಲೆ ಹಿಂದಕ್ಕೆ ಚೆಲ್ಲಿ, ಹಲ್ಲು ಕಾಣುವಂತೆ ನಗುತ್ತಿದ್ದಳು. ಕೊಡ ತುಂಬಿ ಹರಿಯುತ್ತಿತ್ತು. ಚಿತ್ರ ತೆಗೆಯುವ ದಿನ ಸೇವಂತಿ ಏನೋ ಅಂದದ್ದಕ್ಕೆ ಅವಳು ನಕ್ಕಿದ್ದಳು. ಕಿಟ್ಟು ಯಾವಾಗ ಕ್ಯಾಮರಾ ತಿರುಗಿಸಿದ್ದನೋ ಗೊತ್ತೇ ಆಗಿರಲಿಲ್ಲ. ಮತ್ತೆ ಮಂಚ. ಮಂಚದಿಂದ ಜಾರಿ ನೇತುಬಿದ್ದ ಕೈ. ಕೊಡ ಹೊತ್ತು ಬಾಗಿಲಲ್ಲಿ ನಿಂತ ಹೆಂಗಸು. ಅಷ್ಟೇ, ಬೆಡ್‌ಶೀಟು ಬೆಳ್ಳಗಾಯಿತು.

ದೀಪ ಹಾಕಿದಾಗ ಹಿಂದಿನ ಬೆಂಚುಗಳಲ್ಲಿ ಗಂಡಸರು ಕಣ್ಣು ಒರೆಸಿಕೊಳ್ಳುತ್ತಿದ್ದರು. ರಾಜೀವಿ ಬರಿದಾದ ಗೋಡೆಯನ್ನೇ ನೋಡುತ್ತಿದ್ದಳು. ತಾನು ಯಾರಿಗೂ ಹೇಳದ ಆ ಬೆಳಿಗ್ಗೆಯನ್ನು ಇವರು ಹೇಗೆ ಕಂಡರು ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಜಯಸಿಂಹ ಓಡಿ ಬಂದ. "ಅಜ್ಜಿ, ಮೊದಲೇ ಹೇಳಬೇಕಿತ್ತು, ತಪ್ಪಾಯ್ತು. ಅಗ್ಗಕ್ಕೆ ಸಿಕ್ಕಿತು ಅಂತ ಅವಧಿ ಮೀರಿದ ಫಿಲಂ ತಂದಿದ್ವಿ. ನೀರು ಕುಡಿಸಿದ ರೀಲು ಪೂರಾ ಮಂಜು ಕವಿದ ಹಾಗೆ ಕೆಟ್ಟುಹೋಯ್ತು. ಮತ್ತೆ ತೆಗೆಯೋಕೆ ಆಗಲಿಲ್ಲ. ಇದ್ದದ್ದನ್ನೇ ಜೋಡಿಸಿ ಹೀಗೆ ಮುಗಿಸಬೇಕಾಯ್ತು. ನಿಜವಾಗಿ ನಡೆದದ್ದು ಇದಲ್ಲ ಅಂತ ನಮಗೂ ಗೊತ್ತು."

ಅಕ್ಕು ಎದ್ದು ನಿಂತಳು. ಮುದುಕಿಯ ದನಿಗೆ ಹೊರಟಿದ್ದವರೂ ತಿರುಗಿ ನೋಡಿದರು.

"ನಿನಗೆ ತಾಯಿ ಇಲ್ವಾ? ಅಕ್ಕತಂಗಿ ಇಲ್ವಾ? ಗಂಡ ಸಾಯುವಾಗ ಹಲ್ಲು ಕಿರಿಯುವವಳಾ ಇವಳು? ರಕ್ತದ ಬಟ್ಟೆ ಒಗೆದು ಇವಳ ಕೈ ಬಿರಿದಿತ್ತು. ಇಂಥವಳ ಹೆಸರಿಗೆ ಮಸಿ ಬಳಿಯುತ್ತೀಯಲ್ಲ, ನಿನ್ನ ಸಿನಿಮಾಕ್ಕೆ ಬೆಂಕಿ ಬೀಳಲಿ!"

ಜಯಸಿಂಹ ತಲೆತಗ್ಗಿಸಿದ. ಅಲ್ಲಿಗೆ ಬಿಟ್ಟಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಮೂರು ಜನ ಗಂಡಸರು ಮಾಡಿದ ಎಡವಟ್ಟು ಎಂದು ಅಕ್ಕು ನಾಲ್ಕು ದಿನ ಬೈದು ಮರೆಯುತ್ತಿದ್ದಳು. ಆದರೆ ಅತ್ತೆ ತನ್ನ ಪರವಾಗಿ ಆಡಿದ ಒಂದೊಂದು ಮಾತಿಗೂ ರಾಜೀವಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಅವರನ್ನು ಬೈಬೇಡಿ ಅತ್ತೆ," ಎಂದಳು. "ನಡೆದದ್ದು ಹೀಗೆಯೇ."

"ಎಂತ ಹೀಗೆ?"

"ನಾನು ನಲ್ಲಿಯ ಹತ್ತಿರ ಇದ್ದೆ. ನಗುತ್ತ ಇದ್ದೆ. ಬರುವಾಗ ಅವರು ಇರಲಿಲ್ಲ. ನೀರು ಕೊಡಲಿಲ್ಲ ನಾನು."

ಅಕ್ಕು ಅವಳ ಮುಖವನ್ನೇ ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಡೆದಳು. ರಾಜೀವಿ ನಾಲ್ಕು ಹೆಜ್ಜೆ ಹಿಂದೆ ಹೋದಳು. ಚಾಳಿನ ಮೆಟ್ಟಿಲ ಬುಡದಲ್ಲಿ ಮುದುಕಿ ದಮ್ಮು ಕಟ್ಟಿ ನಿಂತಾಗ ಕೈ ಹಿಡಿಯಹೋದಳು. ಅಕ್ಕು ಕೈ ಹಿಂದಕ್ಕೆ ತೆಗೆದುಕೊಂಡಳು.

"ಹೇಳದೆ ಇದ್ದಿದ್ದರೆ ನಿನಗೆ ಎಂತ ಆಗುತ್ತಿತ್ತು?" ಎಂದು ಮೆಲ್ಲಗೆ ಕೇಳಿದಳು. "ಯಾರು ನಿನ್ನನ್ನು ಕೇಳಿದ್ದರು? ನನಗೆ ಅದೊಂದು ಇತ್ತು, ರಾಜೀವಿ. ಅದೊಂದೇ ಇತ್ತು."

ಅಷ್ಟೇ ಅವಳು ಆಡಿದ್ದು. ಮರುದಿನದಿಂದ ಗ್ಯಾಲರಿಯಲ್ಲಿ ಅಕ್ಕು ಕೂರುವುದು ನಿಂತಿತು. ಬಡಿಸಿದ್ದನ್ನು ಉಣ್ಣುತ್ತಿದ್ದಳು, ಕೇಳಿದ್ದಕ್ಕೆ ಹೂಂ, ಇಲ್ಲ ಎನ್ನುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ, ಊರ ಕಡೆ ಕಾಪುವಿಗೆ ಕೊಟ್ಟಿದ್ದ ಮಗಳ ಮನೆಗೆ ಹೋಗುತ್ತೇನೆಂದಳು. ರಾಜೀವಿ ಎರಡು ಹೊಸ ರವಿಕೆ ಹೊಲಿದು ಗಂಟಿನಲ್ಲಿಟ್ಟಳು. ಭಾವುಚಾ ಧಕ್ಕೆಯಲ್ಲಿ ಹಡಗು ಹತ್ತಿಸುವಾಗ ಕಾಲಿಗೆ ಬಿದ್ದಳು. ಅಕ್ಕು ತಲೆ ಮುಟ್ಟಿದಳು. ಬಾ ಎಂದಾಗಲಿ, ಬರುತ್ತೇನೆಂದಾಗಲಿ ಹೇಳಲಿಲ್ಲ.

ಜಯಸಿಂಹ ಒಂದು ದಿನ ಒಬ್ಬನೇ ಬಂದ. ಕುರ್ಚಿಯ ತುದಿಯಲ್ಲಿ ಕೂತು, "ಆ ನಗೋ ಭಾಗ ಕತ್ತರಿಸಿ ತೆಗೆದುಬಿಡ್ತೀನಮ್ಮ," ಎಂದ.

"ತೆಗೀಬೇಡಿ."

"ನೋಡಿದೋರೆಲ್ಲ ನಿಮ್ಮನ್ನ..."

"ಅಂದುಕೊಳ್ಳಲಿ. ಆ ದಿನ ನನಗೂ ಜೀವ ಇತ್ತು ಅಂತ ಅದರಲ್ಲಿ ಮಾತ್ರ ಉಂಟು."

ಇನ್ನೊಂದು ಚಿತ್ರಕ್ಕೆ ಕೋಣೆ ಕೇಳಬೇಕೆಂದು ಬಂದವನು ಅದನ್ನು ಕೇಳದೆ ಎದ್ದು ಹೋದ. ಚಿತ್ರವನ್ನು ಮಾಟುಂಗಾದಲ್ಲಿ ಒಮ್ಮೆ, ಬಾಂದ್ರಾದಲ್ಲಿ ಒಮ್ಮೆ ತೋರಿಸಿದರಂತೆ. ಆಮೇಲೆ ಜಯಸಿಂಹನಿಗೆ ನಾಗಪುರಕ್ಕೆ ವರ್ಗವಾಯಿತು. ಕಿಟ್ಟುವಿನ ಯಜಮಾನ ಕ್ಯಾಮರಾವನ್ನು ಮಾರಿದ. ರಮಾನಾಥ ನಾಟಕಗಳತ್ತ ಹೋದ. ಆ ಫಿಲಂ ಡಬ್ಬಿ ಯಾರ ಮನೆಯ ಅಟ್ಟ ಸೇರಿತೋ ಯಾರೂ ಬಲ್ಲವರಿಲ್ಲ.

ಮುಂದಿನ ಮಳೆಗಾಲದ ಆಟಿ ತಿಂಗಳಲ್ಲಿ ಅಕ್ಕು ತೀರಿಕೊಂಡಳು. ಸುದ್ದಿ ತಂದವನು ದಾದರಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದ ಚೆನ್ನಯ, ಕಾಪುವಿನವನೇ. ಊರಿಗೆ ಹೋಗಿ ಬಂದಿದ್ದ. ರಾಜೀವಿ ಚಹಾ ಕೊಟ್ಟು, ಅವನು ಕುಡಿಯುವವರೆಗೆ ಕಾದು ಕೇಳಿದಳು.

"ಮಗನ ಮಾತು ಎತ್ತುತ್ತಿದ್ದರಾ?"

"ಇಲ್ಲಕ್ಕ. ಯಾರಾದರೂ ಐತಣ್ಣನ ಹೆಸರು ತೆಗೆದರೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು. ಮೊದಲೆಲ್ಲ ಎಷ್ಟು ಮಾತಾಡುತ್ತಿದ್ದ ಹೆಂಗಸು ಮಾರಾಯ್ತಿ. ಕಡೆಕಡೆಗೆ ಎಂತ ಆಯಿತೋ."

ಅವನು ಮೆಟ್ಟಿಲಿಳಿದ ಮೇಲೆ ರಾಜೀವಿ ತಲೆಗೆ ನೀರು ಹೊಯ್ದುಕೊಂಡು ಬಂದಳು. ಒದ್ದೆ ಕೂದಲಲ್ಲೇ ನೆಲದ ಮೇಲೆ ಕೂತಳು. ಗಂಡ ಸತ್ತಾಗ ಬಾರದ ಅಳು ಆಗ ಬಂತು. ಬಾಯಿಗೆ ಸೆರಗು ಒತ್ತಿಕೊಂಡರೂ ಗ್ಯಾಲರಿಯ ತುದಿಯವರೆಗೆ ಕೇಳಿಸಿತು. ಹೆಂಗಸರು ಬಾಗಿಲಲ್ಲಿ ಸೇರಿದರು. ಅತ್ತೆ ಸತ್ತದ್ದಕ್ಕೆ ಇಷ್ಟು ಅಳುವ ಸೊಸೆಯನ್ನು ತಾವು ಕಂಡಿಲ್ಲವೆಂದು ಮರಾಠಿಯಲ್ಲಿ, ತುಳುವಿನಲ್ಲಿ ಪಿಸುಗುಟ್ಟಿದರು. ಸೇವಂತಿ ಒಳಗೆ ಬಂದು ಪಕ್ಕದಲ್ಲಿ ಕೂತು, ಏನೂ ಕೇಳದೆ, ಅವಳ ಕೂದಲಿನ ನೀರು ಹಿಂಡತೊಡಗಿದಳು.