ಯಾವ ಅಕ್ಕನ ಖಾರ

ಬಸವನ ಬಾಗೇವಾಡಿಯಲ್ಲಿ ರಹಿಮಾಬಿಯ ಗಿರಣಿ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಗೆ ಕಾಲಿಟ್ಟರೆ ಸೀನು ಬರುತ್ತದೆ. ಸೀನು ಜೋರಾದ ಕಡೆಗೆ ನಡೆದರೆ ಸಾಕು. ಗಂಡ ನಬಿಲಾಲ ಇದ್ದಾಗ ಅಲ್ಲಿ ಬರೀ ಖಾರ ಕುಟ್ಟಿಕೊಡುತ್ತಿದ್ದರು. ಇಂಗಳೇಶ್ವರ, ಮುಳವಾಡದ ಹೆಂಗಸರು ಮೆಣಸಿನಕಾಯಿ ತಂದು, ಪುಡಿ ಮಾಡಿಸಿಕೊಂಡು, ಸೆರಗಿನಿಂದ ಮೂಗು ಮುಚ್ಚಿಕೊಂಡು ಬಸ್ಸು ಹತ್ತುತ್ತಿದ್ದರು. ನಬಿಲಾಲ ಎದೆನೋವಿನಿಂದ ತೀರಿಕೊಂಡ ಮೇಲೆ ರಹಿಮಾಬಿ ತಾನೇ ಯಂತ್ರದ ಮುಂದೆ ಕೂತಳು. ಮಗಳು ಇರಮ ಆಗ ಇನ್ನೂ ಸಣ್ಣವಳು.

ಒಂದು ಮಧ್ಯಾಹ್ನ ಮಗ್ಗುಲ ಮನೆಯ ಯಲ್ಲವ್ವ ಬಂದು ಹೊಸ್ತಿಲ ಮೇಲೆ ಕೂತಳು. ವಯಸ್ಸಿನಲ್ಲಿ ರಹಿಮಾಬಿಗಿಂತ ಹಿರಿಯಳು, ಬಾಯಿ ಇನ್ನೂ ದೊಡ್ಡದು.

"ಮಂದಿ ಮೆಣಸಿನಕಾಯಿ ಕುಟಗೋಂತ ಎಷ್ಟ ದಿನ ಕುಂದರ್ತಿ? ಮಸಾಲಿ ಖಾರ ಮಾಡಿ ಮಾರು. ನಾ ಕಲಸ್ತೇನಿ."

ಕಲಿಸಿದಳು. ಉಳ್ಳಾಗಡ್ಡಿ ಎಷ್ಟು ಕೆಂಪಗಾಗಬೇಕು, ಬಳ್ಳೊಳ್ಳಿ ಯಾವಾಗ ಹಾಕಬೇಕು, ಒಣಕೊಬ್ಬರಿ ಹೊತ್ತುವ ಮೊದಲೇ ಹೇಗೆ ಎತ್ತಬೇಕು, ಎಲ್ಲ. ತಪ್ಪಿದಾಗ ಬೈದಳು, ಬೈದ ಮೇಲೆ ಮನೆಯಿಂದ ಬಿಸಿ ರೊಟ್ಟಿ ತಂದು ಕೊಟ್ಟಳು. ರಹಿಮಾಬಿ ಕೆಲಸದ ನಡುವೆ ಗೋಡೆಯಾಚೆಗೆ ಕೂಗುತ್ತಿದ್ದಳು, "ಅಕ್ಕಾ, ಹದ ನೋಡ ಬಾ!" ಅದನ್ನು ಕೇಳಿ ಕೇಳಿ ಗಿರಾಕಿಗಳೂ "ಆ ಅಕ್ಕನ ಖಾರ ಕೊಡ್ರಿ" ಎನ್ನತೊಡಗಿದರು. ಹೆಸರು ಹುಟ್ಟಿದ್ದು ಹಾಗೆ. ಮುಂದೆ ಅದೇ ಬೋರ್ಡಿನ ಮೇಲೂ ಬಂತು.

ಇರಮ ಕಾಲೇಜು ಮುಗಿಸಿ ಬಂದವಳು ಅದೇ ಹೆಸರಿನಲ್ಲಿ ಪ್ಯಾಕೆಟ್ ಮಾಡಿಸಿದಳು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಅಂಗಡಿಗಳಿಗೆ ಕೊಟ್ಟುಬಂದಳು. ತಾಯಿ ಹುರಿಯುವುದನ್ನು ಫೋನಿನಲ್ಲಿ ಹಿಡಿದು ಊರೆಲ್ಲ ನೋಡುವಂತೆ ಮಾಡಿದಳು. ನೋಡಬಾರದವರೂ ನೋಡಿರಬೇಕು. ವಿಜಯಪುರದ ಮಸಾಲೆ ಕಂಪನಿಯೊಂದರ ವಕೀಲರಿಂದ ನೋಟಿಸು ಬಂತು: 'ಅಕ್ಕನ ಖಾರ' ನಮ್ಮ ನೋಂದಾಯಿತ ಹೆಸರು, ಕೂಡಲೇ ನಿಲ್ಲಿಸಿ.

ಇರಮ ಓದಿ ಹೇಳಿದಾಗ ರಹಿಮಾಬಿಗೆ ಮೊದಲು ನಗು ಬಂತು. "ಅಕ್ಕನ್ನ ಯಾರರ ನೋಂದಣಿ ಮಾಡಸ್ತಾರೇನ?"

ನಗು ಬಹಳ ದಿನ ಉಳಿಯಲಿಲ್ಲ. ಸಿಂದಗಿಯ ಅಂಗಡಿಯವರು ನೋಟಿಸಿನ ಸುದ್ದಿ ಕೇಳಿ ಹೆದರಿ ಮಾಲು ವಾಪಸು ಕಳಿಸಿದರು. ಮುದ್ದೇಬಿಹಾಳದ ಅಂಗಡಿಯವನಂತೂ ಇರಮಳ ಮುಖಕ್ಕೇ "ನಿಮ್ದು ನಕಲಿ ಐತಂತಲ್ಲಾ" ಅಂದುಬಿಟ್ಟ. ಆ ಒಂದು ಮಾತು ರಹಿಮಾಬಿಯ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು. ಅವತ್ತು ಬಳ್ಳೊಳ್ಳಿ ಕರಕಾಗುವ ತನಕ ಅವಳಿಗೆ ಒಲೆಯ ಮೇಲೆ ಲಕ್ಷ್ಯವೇ ಇರಲಿಲ್ಲ.

ಊರಿನ ವಕೀಲೆ ವಿದ್ಯಾವತಿ ಸಮಾಧಾನದಿಂದ ಕೇಳಿಸಿಕೊಂಡರು. "ಅವ್ರಕಿಂತ ಮೊದಲಿಂದ ನೀವು ಈ ಹೆಸರಲೆ ಮಾರಾಕತ್ತೀರಿ ಅಂತ ತೋರಿಸಿದ್ರ, ಹೆಸರ ಬಿಡಸೂದು ಅವ್ರಿಗೆ ಸುಲಭ ಅಲ್ರಿ. ಆದ್ರ ಕೋರ್ಟಿಗೆ ಹೋದ್ರ ವರ್ಷಗಟ್ಟಲೆ ಓಡಾಡಬೇಕಾಗ್ತೈತಿ. ಮೊದಲ ಒಮ್ಮೆ ಕುಂತು ಮಾತಾಡೂಣು."

ಕಂಪನಿಯ ಮಾಲೀಕ ಪ್ರೇಮಕುಮಾರ ತಾನೇ ಬರುವುದಾಗಿ ಹೇಳಿಕಳಿಸಿದ. ಆ ದಿನ ರಹಿಮಾಬಿ ಯಲ್ಲವ್ವನನ್ನೂ ಕರೆದುಕೊಂಡು ವಿದ್ಯಾವತಿಯವರ ಆಫೀಸಿಗೆ ಹೋದಳು. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದಳು. ಒಳಗೆ ಕೂತಿದ್ದವನು ಐವತ್ತರ ಆಸುಪಾಸಿನ, ಸ್ವಲ್ಪ ದಣಿದ ಮುಖದ ಮನುಷ್ಯ.

"ನೀವು ನಮ್ಮ ಹೆಸರ ಕದ್ದೀರಿ ಅಂತ ತಿಳದಿದ್ದೆ" ಎಂದು ಅವನೇ ಶುರುಮಾಡಿದ.

"ನಾನೂ ನಿಮ್ಮನ್ನ ಹಂಗ ತಿಳದೇನ್ರಿ" ಎಂದಳು ರಹಿಮಾಬಿ.

ಅವನು ಇಂಡಿಯವನು. ತಾಯಿ ಹೋದಾಗ ಅವನಿಗಿನ್ನೂ ಶಾಲೆಗೆ ಹೋಗುವ ವಯಸ್ಸೂ ಆಗಿರಲಿಲ್ಲ. ಅಕ್ಕ ಸುವರ್ಣಾ ಖಾರ ಕುಟ್ಟಿ, ಬುಟ್ಟಿಯಲ್ಲಿ ಹೊತ್ತು, ಸಂತೆಯಲ್ಲಿ ಮಾರಿ ಅವನನ್ನು ಸಾಕಿದ್ದಳು. ಅವನು ಓದಲೆಂದು ತಾನು ಮದುವೆಯನ್ನೂ ತಡಮಾಡಿಕೊಂಡಿದ್ದಳು. ಕಂಪನಿ ತೆರೆದಾಗ ಬೇರೆ ಹೆಸರು ಅವನಿಗೆ ಹೊಳೆದೇ ಇರಲಿಲ್ಲ. ಇದನ್ನು ಹೇಳುವಾಗ ಅವನ ದನಿ ಒಂದೆರಡು ಕಡೆ ತಗ್ಗಿತು. ರಹಿಮಾಬಿ ಕಲಿತುಬಂದಿದ್ದ ಮಾತುಗಳನ್ನೆಲ್ಲ ಅಲ್ಲೇ ಬಿಟ್ಟಳು. ಪಕ್ಕದ ಕುರ್ಚಿಯ ಕಡೆ ಕೈ ತೋರಿಸಿ, "ನಮ್ಮ ಅಕ್ಕ ಇಕಿರಿ" ಎಂದಳು ಅಷ್ಟೇ.

ಅಲ್ಲಿಯ ತನಕ ಫ್ಯಾನು ನೋಡುತ್ತಿದ್ದ ಯಲ್ಲವ್ವ ತಿರುಗಿ, "ತಮ್ಮಾ, ನಿಮ್ಮ ಅಕ್ಕ ಎಳ್ಳ ಹಾಕ್ತಾಳೇನ?" ಎಂದು ಕೇಳಿದಳು.

ಪ್ರೇಮಕುಮಾರನಿಗೆ ಗೊತ್ತಿರಲಿಲ್ಲ. ಅಕ್ಕನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ.

"ಎಳ್ಳ ಹಾಕಿದ್ರ ಖಾರ ಮುಗ್ಗ ಹಿಡಿತೈತಿ" ಎಂದಿತು ಆ ಕಡೆಯ ದನಿ.

"ಹುರಿಯಾಕ ಬರಲಿಲ್ಲಂದ್ರ ಹಿಡಿತೈತಿ" ಎಂದಳು ಯಲ್ಲವ್ವ.

ಅಲ್ಲಿಂದ ಮುಂದೆ ವಕೀಲರ ಆಫೀಸಿನಲ್ಲಿ ಎಳ್ಳು, ಎಣ್ಣೆ, ಬಿಸಿಲು ಇವುಗಳ ವಿಚಾರಣೆಯೇ ನಡೆಯಿತು. ವಿದ್ಯಾವತಿ ಪೆನ್ನು ಕೆಳಗಿಟ್ಟು ಚಹಾ ತರಿಸಿದರು. ಕಡೆಗೆ ಸುವರ್ಣಾಗೆ ನೋಟಿಸಿನ ಸಂಗತಿ ತಿಳಿಯಿತು.

"ನೋಟಿಸ ಕಳಿಸಿದವ ಯಾರ?"

"ವಕೀಲರು, ಅಕ್ಕಾ."

"ಕಳಸ್ರಿ ಅಂತ ಹೇಳಿದವ ಯಾರ?"

ಮಾಲೀಕ ತಲೆ ತಗ್ಗಿಸಿ ಬಿಸ್ಕೀಟು ಮುರಿಯುತ್ತ ಕೂತ.

ಆದರೂ ಎರಡು ಖಾರಕ್ಕೆ ಒಂದೇ ಹೆಸರಿದ್ದರೆ ಕೊಳ್ಳುವವರಿಗೆ ಗೊಂದಲವಾಗುತ್ತದೆ ಎಂದು ವಿದ್ಯಾವತಿ ನೆನಪಿಸಿದರು. ದಾರಿ ಹುಡುಕಿದ್ದು ರಹಿಮಾಬಿಯೇ.

"ಯಲ್ಲಕ್ಕನ ಖಾರ ಅಂತ ಇಡ್ತೇನ್ರಿ. ಬರೇ ಅಕ್ಕ ಅಂದ್ರ ಯಾರ ಅಕ್ಕ ಅಂತ ಗೊತ್ತಾಗಂಗಿಲ್ಲ. ಆದ್ರ ನಮ್ದು ನಕಲಿ ಅಲ್ಲ ಅಂತ ಮುದ್ದೇಬಿಹಾಳದ ಅಂಗಡ್ಯಾವಗ ನೀವ ಹೇಳಬೇಕು."

ಪ್ರೇಮಕುಮಾರ ಅಲ್ಲಿಂದಲೇ ಆ ಅಂಗಡಿಗೆ ಫೋನು ಮಾಡಿ ಹೇಳಿದ. ಯಲ್ಲವ್ವ ಮಾತ್ರ ಒಪ್ಪಲು ತಯಾರಿರಲಿಲ್ಲ: "ಉಣ್ಣೂಮುಂದ ಮೂಗ ಒರಸ್ಕೋಂತ ಎಲ್ಲಾರೂ ನನ್ನ ಹೆಸರ ಹೇಳ್ತಾರ!" ಉಳಿದವರು ಒಪ್ಪಂದ ಬರೆದು ಸಹಿ ಹಾಕುವಾಗಲೂ ಅವಳು ಗೊಣಗುತ್ತಲೇ ಇದ್ದಳು.

ಪೇಂಟರು ಬಂದು ಹಳೆಯ ಅಕ್ಷರಗಳ ಮೇಲೆ ಬಿಳಿ ಬಣ್ಣ ಬಳಿದಾಗ ರಹಿಮಾಬಿ ಕೈಕೆಲಸ ಬಿಟ್ಟು ಹೊರಗೆ ಬಂದು ನೋಡಿದಳು. ಸೊಸೈಟಿಯ ಸಾಲ ತೀರಿಸಿದ್ದು, ಇರಮಳನ್ನು ಓದಿಸಿದ್ದು ಆ ಹೆಸರೇ ಅಲ್ಲವೇ. ಮಗಳೂ ತಾಯಿಯ ಪಕ್ಕ ಬಂದು ನಿಂತಳು. ಸಂಜೆ ಹೊಸ ಅಕ್ಷರ ಒಣಗಿದ ಮೇಲೆ ಯಲ್ಲವ್ವ ಏನೋ ಕೆಲಸವಿದ್ದವಳಂತೆ ಓಣಿಯಲ್ಲಿ ಆ ಕಡೆ ಈ ಕಡೆ ಸುಳಿದಾಡಿ, ಓದಲು ಬಾರದಿದ್ದರೂ ಬೋರ್ಡನ್ನು ಕಣ್ಣು ತುಂಬ ನೋಡಿಕೊಂಡು ಹೋದಳು.

ಸಿಂದಗಿಯ ಅಂಗಡಿಗಳು ಮತ್ತೆ ಮಾಲು ಕೇಳಿದವು. ಹೊಸ ಪ್ಯಾಕೆಟ್ಟಿಗೆಂದು ಮೊದಲ ಸಲ ಹುರಿದು ಕುಟ್ಟಿದ ದಿನ ಯಲ್ಲವ್ವ ಎಂದಿನಂತೆ ಬಂದು ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡಳು. ಹುಬ್ಬು ಗಂಟಿಕ್ಕಿದಳು.

"ಉಳ್ಳಾಗಡ್ಡಿ ಹಸಿ ಉಳದೈತಿ. ಇದನ್ನ ಕಳಸಬ್ಯಾಡ."

"ಅಯ್ಯ ಅಕ್ಕಾ, ಇಂಥಾದ್ದನ್ನ ಮೊದಲ ಎಷ್ಟ ಸಲ ಪಾಸ್ ಮಾಡಿ ಹೋಗಿಲ್ಲ ನೀ?"

"ಆವಾಗ ಮ್ಯಾಲ ನನ್ನ ಹೆಸರ ಇರಲಿಲ್ಲ."

ರಹಿಮಾಬಿ ಸಿಟ್ಟು ಮಾಡಲು ನೋಡಿದಳು, ಆಗಲಿಲ್ಲ. ನಗುತ್ತಲೇ ಆ ಖಾರವನ್ನು ಮನೆಬಳಕೆಗೆ ಎತ್ತಿಟ್ಟು, ಹೊಸದಾಗಿ ಉಳ್ಳಾಗಡ್ಡಿ ಹೆಚ್ಚಲು ಕೂತಳು.