ತಂತಿಗೆ ನೇತುಹಾಕಿದ ಚಿತ್ರಗಳು

ಬೆಳಕು ಹರಿಯುವ ಮುನ್ನ ಡಬ್ಬಿಗಳನ್ನು ತುಂಬಬೇಕು, ಅತ್ತೆಯ ಮಾತ್ರೆ ಎತ್ತಿಡಬೇಕು, ಮಗಳ ಯೂನಿಫಾರಂಗೆ ಇಸ್ತ್ರಿ ಹಾಕಬೇಕು, ನೆಲ ಒರೆಸಬೇಕು, ಕ್ಯಾಮೆರಾದ ಬ್ಯಾಟರಿ ಚಾರ್ಜಾಗಿದೆಯೇ ನೋಡಬೇಕು. ಗಂಡನೂ ನೆರವಾಗುತ್ತಾನೆ: ಅವಳು ಗುಡಿಸುವಾಗ ಕಾಲೆತ್ತಿಕೊಳ್ಳುತ್ತಾನೆ.

ಮದುವೆಮನೆಗಳಲ್ಲಿ ಫೋಟೊ ತೆಗೆಯುತ್ತ ಕೈ ಪಳಗಿಸಿಕೊಂಡವಳು ಅವಳು. ವಧೂವರರಿಗಿಂತ ಪಾತ್ರೆ ತೊಳೆಯುವವರ ಚಿತ್ರಗಳೇ ಜಾಸ್ತಿಯಾಗಿ, ಬೈಸಿಕೊಂಡು ಹೊರಬಿದ್ದಳು. ಅಂದಿನಿಂದ ದುಡಿಯುವವರ ಚಿತ್ರ ತೆಗೆದು, ಅವರ ಬಗ್ಗೆ ಪತ್ರಿಕೆಗೆ ಬರೆಯುತ್ತಾಳೆ. ಅಚ್ಚಿಗೆ ಕೊಡುವ ಮೊದಲು ಚಿತ್ರಗಳನ್ನು ಅವರಿಗೆ ತೋರಿಸುತ್ತಾಳೆ. ಅವರು ಬೇಡವೆಂದದ್ದು ಅಚ್ಚಾಗುವುದಿಲ್ಲ.

ಈ ಸಲ ಆಸ್ಪತ್ರೆಯ ಬಟ್ಟೆ ಒಗೆಯುವ ಆರು ಹೆಂಗಸರ ಸರದಿ. ಅವಳು ತಂದ ಪ್ರಿಂಟುಗಳನ್ನು ಅವರು ಒದ್ದೆ ಹೊದಿಕೆಗಳ ನಡುವೆ ತಂತಿಗೆ ನೇತುಹಾಕಿ, ತರಕಾರಿ ಆರಿಸುವವರಂತೆ ಮೂಗು ಮುರಿಯುತ್ತ ನೋಡಿದರು. ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದ ಹಿರಿಯಳು ಒಂದನ್ನು ಕಿತ್ತು ಅವಳ ಕೈಗಿಟ್ಟಳು. ಕೊಳೆಬಟ್ಟೆಯ ರಾಶಿಯ ಮೇಲೆ ದೊಡ್ಡಮ್ಮ ಬಾಯಿ ತೆರೆದು ನಿದ್ದೆಹೋಗಿದ್ದ ಚಿತ್ರ. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದೂ ಅದೇ.

"ಇದು ಬೇಡ ಕಣಮ್ಮ. ಅತ್ತೆ ಡ್ಯೂಟಿಗೆ ಹೋಗೋದೇ ಗೊರಕೆ ಹೊಡೆಯೋಕೆ ಅಂತಾಳೆ ನನ್ನ ಸೊಸೆ."

ಉಳಿದವರು ಬಿದ್ದು ಬಿದ್ದು ನಕ್ಕರು. ದೊಡ್ಡಮ್ಮ ಇನ್ನೊಂದನ್ನು ತೋರಿಸಿದಳು. ಆರೂ ಜನ ತಲೆ ಬಾಚಿ, ತೋಳು ಮಡಿಸಿ, ಶಾಲೆಯ ಗ್ರೂಪ್ ಫೋಟೊದಂತೆ ಸೆಟೆದು ನಿಂತಿದ್ದರು.

"ಇದನ್ನ ಹಾಕು. ಇಸ್ತ್ರಿ ಮೆಷೀನು ಸುಟ್ಟ ಕಲೆ ಎಲ್ಲರ ಕೈಯಲ್ಲೂ ಕಾಣುತ್ತೆ. ಉದ್ದನೆ ಗ್ಲೌಸ್ ಕೇಳಿ ಕೇಳಿ ಸಾಕಾಗಿದೆ. ಮಲಗಿರೋಳನ್ನ ನೋಡಿದ್ರೆ ಅಯ್ಯೋ ಪಾಪ ಅಂದು ಪುಟ ತಿರುಗಿಸ್ತಾರೆ."

ಸಂಜೆ ಒಲೆಯ ಮುಂದಿದ್ದಾಗ ಸಂಪಾದಕರ ಫೋನು ಬಂತು. ಹಿಂದಿನ ದಿನವೇ ಅವರು ಎಲ್ಲ ಚಿತ್ರ ನೋಡಿದ್ದರು. ನಿದ್ದೆಯ ಚಿತ್ರ ಕಳಿಸಿದರೆ ಇಡೀ ಪುಟ ಅವಳದು. ಅವಳು ವರ್ಷಗಟ್ಟಲೆ ಕಾದ ಕಾಯಂ ಕೆಲಸಕ್ಕೂ ಶಿಫಾರಸು ಮಾಡುವುದಾಗಿ ಹೇಳಿದರು. ಸಾಲಾಗಿ ನಿಂತ ಚಿತ್ರವಾದರೆ ಒಳಪುಟದ ಮೂಲೆ, ಕೆಲಸದ ಮಾತು ಮುಂದೆ ನೋಡೋಣ ಎಂದರು.

ಗಂಡನಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. "ಅವರೇನು ಪೇಪರ್ ಓದ್ತಾರಾ?"

"ಓದದೇ ಇದ್ರೆ ಮುಖ ಅವರದ್ದಲ್ವಾ?" ಎಂದು ಅವಳು ಸೌಟನ್ನು ಅವನ ಕೈಗೆ ಕೊಟ್ಟಳು. "ತಳ ಹಿಡಿಯದ ಹಾಗೆ ತಿರುಗಿಸ್ತಾ ಇರಿ."

ಕೋಣೆಯ ಬಾಗಿಲು ಹಾಕಿಕೊಂಡಳು. ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ನಿದ್ದೆಯದು ಈಗಲೂ ಸೊಗಸಾಗಿಯೇ ಇತ್ತು. ಆರು ಜೊತೆ ಕಣ್ಣುಗಳು ಮಾತ್ರ ನೇರವಾಗಿ ಅವಳನ್ನೇ ನೋಡುತ್ತಿದ್ದವು. ಆ ಚಿತ್ರದ ಕೆಳಗೆ, ಇವರು ಕೇಳುತ್ತಿರುವುದು ಉದ್ದನೆಯ ಗ್ಲೌಸ್ ಎಂದು ಬರೆದು, ಅದೊಂದನ್ನೇ ಕಳಿಸಿದಳು.