ರೂಬಿಗೆಂದು ಮಾಡಿದ ಪೆಟ್ಟಿಗೆ

ಮೂರು ವರ್ಷದ ಹುಡುಗಿಯೊಬ್ಬಳು ನಾಯಿಮರಿಯ ಪೆಟ್ಟಿಗೆಯೊಳಗೆ ಹೊಕ್ಕು, ಮರಿಯನ್ನು ತಬ್ಬಿಕೊಂಡು ನಿದ್ದೆ ಹೋಗಿದ್ದರೆ ನೀವೇನು ಮಾಡುತ್ತೀರಿ?

ನಗುತ್ತೀರಿ. ನಾವೂ ನಕ್ಕೆವು. ನನ್ನ ತಂಗಿ ಸುನಂದಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳ ಗಂಡ ಬಸವರಾಜ ಅಲಮಾರಿಯಿಂದ ಕ್ಯಾಮೆರಾ ತೆಗೆದ. ರೀಲು ಮುಗಿದಿತ್ತು. ಮುಗಿಯದೆ ಇದ್ದಿದ್ದರೆ ಆ ಫೋಟೋ ನಮ್ಮೆಲ್ಲರ ಆಲ್ಬಮ್ಮಿನಲ್ಲಿ ಇರುತ್ತಿತ್ತು. ಫೋಟೋ ತೆಗೆಯುವಷ್ಟು ಹೊತ್ತು ಮಗುವೂ ಅದರೊಳಗೇ ಇರುತ್ತಿತ್ತು.

ಕಳೆದ ಭಾನುವಾರದಿಂದ ನನ್ನ ತಲೆಯಲ್ಲಿ ಓಡುತ್ತಿರುವುದು ಇದೊಂದೇ. ರೀಲು ಇದ್ದಿದ್ದರೆ?

ಮೊದಲಿನಿಂದ ಹೇಳುತ್ತೇನೆ. (ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಪತ್ರಿಕೆಯಲ್ಲಿ ಕಂಪೋಸ್ ಮಾಡುವವರು ತಿದ್ದಿಕೊಳ್ಳಲಿ.)

ಹಟ್ಟಿಯ ಕಂಪನಿ ಕ್ವಾರ್ಟರ್ಸಿನಲ್ಲಿ ನನಗೊಬ್ಬಳು ಗೆಳತಿಯಿದ್ದಳು. ಅವಳ ಗಂಡ ಅಲ್ಲಿನ ಚಿನ್ನದ ಗಣಿಯಲ್ಲಿ ಎಂಜಿನಿಯರ್. ಅವರಿಗೆ ವರ್ಗವಾಯಿತು. ಸಾಮಾನೆಲ್ಲ ಲಾರಿಗೆ ಹತ್ತಿತು, ಬಿಳಿ ಪಾಮೇರಿಯನ್ ನಾಯಿಯೂ ಹತ್ತಿತು, ಅದರ ಒಂದು ಮರಿ ಉಳಿಯಿತು. ಲಿಂಗಸುಗೂರಿನಲ್ಲಿ ನನ್ನದು ಬಾಡಿಗೆ ಮನೆ. ಮನೆ ಮಾಲೀಕರು ನಾಯಿಯ ಹೆಸರೆತ್ತಿದರೆ ನನ್ನನ್ನೂ ಹೊರಗೆ ಹಾಕುವವರು. ಸಿಂಧನೂರಿನ ತಂಗಿಯ ಮಗಳು ಪಿಂಕಿಗೆ ಇರಲಿ ಎಂದುಕೊಂಡು, ಮರಿಯನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಮಸ್ಕಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಚೀಲ ಕುಂಯ್ ಎಂದಿತು. ಕಂಡಕ್ಟರ್ ಬಗ್ಗಿ ನೋಡಿದ.

"ಮೇಡಮ್ಮಾರ, ಚೀಲದಾಗ ಏನೈತ್ರಿ?"

"ತಂಗಿ ಮನೀಗೆ ಉಡುಗೊರಿ."

"ಉಡುಗೊರಿ ಉಚ್ಚಿ ಹೊಯ್ದೈತಿ ನೋಡ್ರಿ. ಕಾಲ್ ಎತ್ರಿ."

ಸಮಸ್ಯೆ ಹಾದಿಯಲ್ಲೇ ಶುರುವಾಯಿತು ಅನ್ನಿ. ಮನೆ ಮುಟ್ಟಿದ ಮೇಲೆ ಬಸವರಾಜನ ತಾಯಿ ಮರಿಯನ್ನು ಮೇಲಿಂದ ಕೆಳಗೆ ನೋಡಿ ಒಂದೇ ಮಾತು ಹೇಳಿದರು.

"ದೇವರ ಜಗಲಿ ಇರೋ ಮನಿ ಇದು ಯವ್ವಾ. ಒಮ್ಮೆ ಹೊಲಸು ಮಾಡಿದ್ರ ಮಾಫಿ. ದಿನಾ ಮಾಡಿದ್ರ ಬಂದ ಬಸ್ಸಿಗೇ ವಾಪಸ್."

ಪಿಂಕಿ ಅಷ್ಟರಲ್ಲಿ ಮರಿಯ ಕೊರಳಿಗೆ ತನ್ನ ರಿಬ್ಬನ್ ಕಟ್ಟಿ, ರೂಬಿ ಎಂದು ಹೆಸರಿಟ್ಟು ಮುಗಿಸಿದ್ದಳು. ವಾಪಸ್ ಎಂಬ ಮಾತು ಕೇಳಿದ್ದೇ ಅವಳ ತುಟಿ ಜೋತುಬಿದ್ದಿತು. ಮರಿ ಉಳಿಯಬೇಕಾದರೆ ಅದು ಕಲಿಯಬೇಕು. ಕಲಿಸುವವರು ಯಾರು?

ಬಸವರಾಜ. (ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಅದಕ್ಕೇ ಇಲ್ಲಿ ಏಕವಚನ. ಎದುರಿಗೆ ನನಗೆ ಅಷ್ಟು ಧೈರ್ಯವಿಲ್ಲ, ತಂಗಿಯ ಗಂಡ.)

ನನ್ನ ಗೆಳತಿ ಹೇಳಿಕೊಟ್ಟಿದ್ದನ್ನು ನಾನು ಒಂದಕ್ಷರ ಬಿಡದೆ ಅವನಿಗೆ ಒಪ್ಪಿಸಿದ್ದೆ. ನಾಯಿ ತಾನು ಮಲಗುವ ಜಾಗವನ್ನು ಹೊಲಸು ಮಾಡಿಕೊಳ್ಳುವುದಿಲ್ಲ. ಹಾಗಾಗಿ ಅದರ ಮೈ ಹಿಡಿಸುವಂಥ ಒಂದು ಪೆಟ್ಟಿಗೆ ಮಾಡಿ, ಸರಳಿನ ಬಾಗಿಲು ಕೂಡಿಸಿ. ಎದ್ದ ಕೂಡಲೇ, ಉಂಡ ಕೂಡಲೇ ಎತ್ತಿ ಅಂಗಳಕ್ಕೆ ಒಯ್ಯಿರಿ. ಅಲ್ಲಿ ಮಾಡಿದರೆ ಬೆನ್ನು ತಟ್ಟಿ. ಒಳಗೆ ಮಾಡಿದರೆ ಹೊಡೆಯಬೇಡಿ. ಪೆಟ್ಟಿಗೆ ಜೈಲು ಆಗಬಾರದು, ಅದರ ಮನೆಯಾಗಬೇಕು.

ಓಣಿಯವರಿಗೆ ಇದು ಪುಕ್ಕಟೆ ಸಿನಿಮಾ. "ನಮ್ಮ ಹುಡುಗ್ರಿಗೆ ಒಂದು ಖೋಲಿ ಇಲ್ಲ, ಬಸಣ್ಣನ ನಾಯಿಗೆ ಬ್ಯಾರೆ ಬಂಗ್ಲೆ" ಎಂದು ಕಟ್ಟೆಯ ಮೇಲೆ ಕೂತವರು ನಕ್ಕರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಮಲಗಲು ಮೊದಲು ಕೊಟ್ಟದ್ದು ಬಿದಿರಿನ ಬುಟ್ಟಿ. ಅದನ್ನು ಅರ್ಧ ಕಡಿದ ರೂಬಿ ಅಂಗಳದ ಪಾಠವನ್ನು ಮಾತ್ರ ಚೆನ್ನಾಗಿ ಕಲಿತಿತ್ತು. ಬುಟ್ಟಿ ಹೋಯಿತು, ಪೆಟ್ಟಿಗೆ ಬಂತು.

ಸಿಂಧನೂರಿನಲ್ಲಿ ಮರದ ಪೆಟ್ಟಿಗೆ ಎಂದರೆ ಯಾವುದು ಎಂದು ಈ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗೆ ಹೇಳುತ್ತೇನೆ. ಕಾಲುವೆ ನೀರು ಬಂತು, ಭತ್ತ ಬಂತು, ಹತ್ತಿ ಬಂತು. ಹತ್ತಿಯ ಹಿಂದೆಯೇ ಹುಳು, ಹುಳುವಿನ ಹಿಂದೆ ಹೊಲಕ್ಕೆ ಹೊಡೆಯುವ ಔಷಧ. ಆ ಔಷಧದ ಬಾಟಲಿಗಳು ಹುಲ್ಲು ತುಂಬಿದ ಮರದ ಪೆಟ್ಟಿಗೆಗಳಲ್ಲಿ ಬರುತ್ತವೆ. ತೆಳು ಹಲಗೆ, ಒಳ್ಳೆಯ ಮೊಳೆ. ಬಾಟಲಿ ಹೊಲಕ್ಕೆ ಹೋದ ಮೇಲೆ ಪೆಟ್ಟಿಗೆಯನ್ನು ಎಸೆಯುವವರುಂಟೇ? ಅದರಲ್ಲಿ ಕೋಳಿ ಮೊಟ್ಟೆಗೆ ಕೂರುತ್ತದೆ. ಅಡುಗೆಮನೆಯಲ್ಲಿ ಅದು ಡಬ್ಬಿ ಇಡುವ ಹಲಗೆ. ಶಾಲೆಯ ಹುಡುಗರಿಗೆ ಪುಸ್ತಕದ ಕಪಾಟು. ನಮ್ಮ ಸುನಂದಾಳ ಮನೆಯಲ್ಲಿ ಉಳ್ಳಾಗಡ್ಡಿ ಇರುವುದೂ ಅದರಲ್ಲೇ. ಬಸವರಾಜನ ಅಂಗಡಿ ಬೀಜ, ಗೊಬ್ಬರ, ಔಷಧದ್ದು. ಪೆಟ್ಟಿಗೆಗೆ ಬರವೇ?

ಮರಿ ಬೆಳೆಯುತ್ತದೆ ಎಂದು ಅವನು ಎರಡು ಪೆಟ್ಟಿಗೆ ಕೂಡಿಸಿ ಒಂದು ಮಾಡಿದ. ಗೋಣಿ ಹಾಸಿದ. ನಡುಮನೆಯ ಮೂಲೆಯಲ್ಲಿ, ತಂಪಾದ ಕಡಪಾ ಕಲ್ಲಿನ ಮೇಲೆ ಇಟ್ಟ.

ಕಳೆದ ಶನಿವಾರ ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿ ನಾನು ಸಿಂಧನೂರಿಗೆ ಹೋದೆ. ಮನೆಯಲ್ಲಿ ಫಿನಾಯಿಲ್ ವಾಸನೆ. ಎಲ್ಲರ ಮುಖವೂ ಬಿಗಿದಿತ್ತು.

"ಏನಾತು?" ಎಂದೆ.

"ಕಲಿತಿದ್ದೆಲ್ಲ ಮರ್ತೈತಿ ಅಕ್ಕಾ," ಎಂದಳು ಸುನಂದಾ. "ಬುಟ್ಟಿಯಾಗ ಇದ್ದಾಗ ಶಾಣ್ಯಾ ಇತ್ತು. ಈಗ ಎಲ್ಲಿ ಬೇಕಲ್ಲಿ ಮಾಡಾಕತ್ತೈತಿ. ಪೆಟ್ಟಿಗಿ ಒಳಗೂ ಬಿಡವಲ್ದು. ತೊಳದು ತೊಳದು ನನ್ನ ಕೈ ಸೋತು ಹೋಗ್ಯಾವ."

"ಹಟ," ಎಂದ ಬಸವರಾಜ. "ಹಟಮಾರಿ ಅದ ಅಕ್ಕಾರ. ಮಾಡಿದಾಗೊಮ್ಮೆ ಪೆಟ್ಟಿಗಿಗೆ ಹಾಕಿ ಬಾಗಲಾ ಹಾಕ್ತೀನಿ. ಹೆಂಗ ಕಲಿಯಂಗಿಲ್ಲ ನೋಡೋಣು."

"ಜೈಲು ಆಗಬಾರದು ಅಂತ ನನ್ನ ಗೆಳತಿ ಅಂದಿದ್ಲಲ್ರೀ," ಎಂದೆ.

"ಇಲ್ಲಿ ಮನಿಯೇ ಜೈಲಾಗೈತ್ರಿ," ಎಂದು ಅವನ ತಾಯಿ ಜಪದ ನಡುವೆಯೇ ಹೇಳಿದರು. "ಸೋಮವಾರ ನಿನ್ನ ಸಂಗಾಟನ ಒಯ್ಯವ್ವಾ ಅದನ್ನ."

ಬಗ್ಗಿ ನೋಡಿದೆ. ರೂಬಿ ಮೂಲೆಯಲ್ಲಿ ಒದ್ದೆಯಾಗಿ ಕೂತಿತ್ತು. ಬಾಯಿಂದ ಜೊಲ್ಲು. ಕಣ್ಣಲ್ಲಿ ನೀರು. ಹೊರಗೆ ಬಿಟ್ಟರೆ ಹಿಂಗಾಲು ಒಂದು ಕಡೆ, ಮುಂಗಾಲು ಒಂದು ಕಡೆ. ಎಳೆಯ ಮರಿ, ಹೊಸ ಜಾಗ, ಹೆದರಿದೆ ಎಂದುಕೊಂಡೆ. ಓದಿದವರಿಗೆ ಎಲ್ಲದಕ್ಕೂ ಒಂದು ಕಾರಣ ತಕ್ಷಣ ಹೊಳೆಯುತ್ತದೆ ನೋಡಿ.

ಸುನಂದಾ ಇನ್ನೂ ಒಂದು ಮಾತು ಹೇಳಿದಳು, ನಗುತ್ತಲೇ. "ಇಕೀನೂ ನಾಯಿ ನೋಡಿ ಕಲ್ತಾಳ ಅಕ್ಕಾ. ವರ್ಷದಿಂದ ಹಾಸಿಗ್ಯಾಗ ಮಾಡಿರಲಿಲ್ಲ. ಈ ವಾರ ಮತ್ತ ಶುರು ಮಾಡ್ಯಾಳ."

ಪಿಂಕಿ ನಾಚಿಕೊಂಡು ನನ್ನ ಸೀರೆಯ ಹಿಂದೆ ಅಡಗಿದಳು. ಮರಿಗೆ ಸಿಗುತ್ತಿರುವ ಮುದ್ದು ಕಂಡು ಮಗುವಿಗೆ ಹೊಟ್ಟೆಕಿಚ್ಚು ಎಂದು ನಾನು ವಿವರಿಸಿದೆ. (ಮತ್ತೊಂದು ಕಾರಣ. ಅದೂ ತಕ್ಷಣ.)

ಭಾನುವಾರ ಮಧ್ಯಾಹ್ನ ಊಟವಾಯಿತು. ಕರೆಂಟು ಹೋಯಿತು. ಸಿಂಧನೂರಿನ ಬಿಸಿಲು, ಫ್ಯಾನಿಲ್ಲದ ನಡುಮನೆ. ಪಿಂಕಿ ಎಲ್ಲಿ ಎಂದು ಹುಡುಕಿದರೆ ಮನೆಯಲ್ಲೇ ತಂಪಾದ ಜಾಗವನ್ನು ಅವಳು ಕಂಡುಕೊಂಡಿದ್ದಳು. ಪೆಟ್ಟಿಗೆಯೊಳಗೆ, ಒದ್ದೆ ಗೋಣಿಯ ಮೇಲೆ, ರೂಬಿಯನ್ನು ತಬ್ಬಿಕೊಂಡು.

ಆಗಲೇ ನಾವು ನಕ್ಕಿದ್ದು. ಆಗಲೇ ಕ್ಯಾಮೆರಾ.

ರೀಲು ಇಲ್ಲವೆಂದು ಬಸವರಾಜ ಗೊಣಗುತ್ತಿರುವಾಗ ನಾನು ಮಗುವನ್ನು ಎತ್ತಿಕೊಳ್ಳಲು ಬಗ್ಗಿದೆ. ತಲೆ ಒಳಗೆ ಹೋಯಿತು. ಒಂದು ವಾಸನೆ ಬಡಿಯಿತು. ಫಿನಾಯಿಲ್ ಅಲ್ಲ, ಉಚ್ಚೆಯೂ ಅಲ್ಲ. ಬೆಳ್ಳುಳ್ಳಿ ಕೊಳೆತು ಸೀಮೆಎಣ್ಣೆಯಲ್ಲಿ ನೆನೆದಂಥ ವಾಸನೆ. ಇದನ್ನು ನಾನು ಬಲ್ಲೆ. ಹತ್ತಿಗೆ ಔಷಧ ಹೊಡೆಯುವ ದಿನಗಳಲ್ಲಿ ಮಸ್ಕಿ ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ಬರುವ ವಾಸನೆ ಇದು. ನಾವೆಲ್ಲ ಮೂಗಿಗೆ ಸೆರಗು ಹಿಡಿಯುತ್ತೇವಲ್ಲ, ಅದೇ.

ಮಗುವನ್ನು ಹೊರಗೆ ಎಳೆದೆ. ಕತ್ತು ಜೋಲಿತು. ಬಾಯಿಂದ ಜೊಲ್ಲು. ಕಣ್ಣಲ್ಲಿ ನೀರು. ಫ್ರಾಕು ಒದ್ದೆ.

ನಾಯಿಮರಿಯನ್ನು ನೋಡಿದೆ. ಮಗುವನ್ನು ನೋಡಿದೆ. ಎರಡೂ ಒಂದೇ ರೀತಿ ಇದ್ದವು.

"ಬಸವರಾಜಾರ, ಈ ಪೆಟ್ಟಿಗಿ ಎಲ್ಲಿದು?"

"ಅಂಗಡೀದು ಅಕ್ಕಾರ. ಯಾಕ್ರಿ?"

"ಇದರಾಗ ಬಾಟ್ಲಿ ಒಡದಿತ್ತೇನು?"

ಅವನು ಕೈಯಲ್ಲಿದ್ದ ಕ್ಯಾಮೆರಾವನ್ನು ನಿಧಾನವಾಗಿ ಟೇಬಲ್ಲಿನ ಮೇಲೆ ಇಟ್ಟ.

"ಸೋಡಾ ಹಾಕಿ ತೊಳದೀನಲ್ರೀ," ಎಂದ. "ಬಿಸಲಾಗ ಒಣಗಿಸೀನಿ. ಚಲೋ ಪೆಟ್ಟಿಗಿ ಜನ ಒಯ್ದಿದ್ರು. ಬಾಟ್ಲಿ ಒಡದು ಕಲಿ ಬಿದ್ದಾವು ಅಂತ ಇವೆರಡು ಉಳದಿದ್ವು. ನಾಯಿಗೆ ತಾನ ಅಂದೆ."

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಫ್ರಾಕು ಹರಿದು ತೆಗೆದದ್ದು. ಬಚ್ಚಲಲ್ಲಿ ಸಾಬೂನು, ಕೊಡದ ಮೇಲೆ ಕೊಡ ನೀರು. ಸುನಂದಾ "ಪಿಂಕಿ, ಕಣ್ಣ ತೆಗಿ ಬೇ" ಎಂದು ಒಂದೇ ದನಿಯಲ್ಲಿ ಹೇಳುತ್ತಲೇ ಇದ್ದದ್ದು. ಬಸವರಾಜ ಆ ಪೆಟ್ಟಿಗೆಯನ್ನು ಎತ್ತಿ, ಮರಿಯನ್ನು ನೆಲಕ್ಕೆ ಸುರಿದು, ಹಿತ್ತಲ ಬಾಗಿಲಿನಿಂದ ಓಣಿಗೆ ಎಸೆದದ್ದು. ಒಂದೇ ಸ್ಕೂಟರಿನ ಮೇಲೆ ಮೂವರು ದೊಡ್ಡವರು, ನಡುವೆ ಟವೆಲ್ಲಿನಲ್ಲಿ ಮಗು. ದಾರಿಯಲ್ಲಿ ಒಂದು ಎಮ್ಮೆ ಅಡ್ಡ ನಿಂತಿತ್ತು. ಆ ಎಮ್ಮೆ ಈಗಲೂ ನನ್ನ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಡಾಕ್ಟರು ಟಾರ್ಚು ಹಿಡಿದು ಮಗುವಿನ ರೆಪ್ಪೆ ಎತ್ತಿದರು. ಕಣ್ಣ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಅವರು ನಮ್ಮ ಮುಖವನ್ನೇ ನೋಡಲಿಲ್ಲ. ಸಿರಿಂಜು ಎಳೆದುಕೊಳ್ಳುತ್ತ ಕೇಳಿದರು. ಈ ಊರಿನಲ್ಲಿ ಈ ಪ್ರಶ್ನೆ ಅವರಿಗೆ ಬಾಯಿಪಾಠ.

"ಯಾವ ಔಷಧ ಕುಡದಾಳ?"

"ಕುಡದಿಲ್ರೀ," ಎಂದಳು ಸುನಂದಾ. "ಮಲಗಿದ್ಳು."

ಆಗ ಅವರು ತಲೆಯೆತ್ತಿದರು.

"ಎದರಾಗ?"

ನಾಯಿಯ ಪೆಟ್ಟಿಗೆಯಲ್ಲಿ ಎಂದು ನಾನೇ ಹೇಳಬೇಕಾಯಿತು.

ಪಿಂಕಿ ಬದುಕಿದಳು. ಮೊದಲೇ ಹೇಳಿಬಿಡಬೇಕಿತ್ತೇನೋ, ಆದರೆ ಆ ಬೆಂಚಿನ ಮೇಲೆ ಕೂತ ನಮಗೆ ಯಾರೂ ಮೊದಲೇ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಅವಳು ಕಣ್ಣು ಬಿಟ್ಟು ಕೇಳಿದ್ದು ಇಷ್ಟು. "ದೊಡ್ಡವ್ವಾ, ರೂಬಿ ವಾಪಸ್ ಹೋತೇನು?"

ಹೋಗಿರಲಿಲ್ಲ. ನಾವು ಆಸ್ಪತ್ರೆಗೆ ಓಡಿದಾಗ ಮರಿ ನೆಲದ ಮೇಲೇ ಬಿದ್ದಿತ್ತು. ನಮಗೆ ಯಾರಿಗೂ ಅದರ ನೆನಪು ಇರಲಿಲ್ಲ. ಅದನ್ನು ಬಚ್ಚಲಿಗೆ ಒಯ್ದು, ಮಗುವಿಗೆ ಮಾಡಿದಂತೆಯೇ ಸಾಬೂನು ಹಚ್ಚಿ ತೊಳೆದವರು ಬಸವರಾಜನ ತಾಯಿ. ತಮ್ಮ ಹಳೆ ಸೀರೆಯಲ್ಲಿ ಸುತ್ತಿ, ಪಕ್ಕದ ಮನೆಯವರ ಕೈಲಿ ದನದ ದವಾಖಾನೆಗೆ ಕಳಿಸಿ ಸೂಜಿ ಹಾಕಿಸಿದ್ದರು. "ನಾಯೀನ ನೀವ ಮುಟ್ಟಿದ್ರೇನವ್ವಾ?" ಎಂದು ಸುನಂದಾ ಕೇಳಿದರೆ, "ಮತ್ತ ಸಾಯ್ಲಿ ಅಂತ ಬಿಡ್ಲೇನು?" ಎಂದು ಗದರಿದರಂತೆ.

ಬುಧವಾರ ತಂಗಿ ಫೋನು ಮಾಡಿದ್ದಳು. "ಹೊಸಾ ಬುಟ್ಟಿ ತಂದೀವಿ ಅಕ್ಕಾ. ಒಂದು ಹನಿ ಒಳಗ ಬಿದ್ದಿಲ್ಲ ನೋಡು. ತಾನ ಬಾಗಲ ಹತ್ರ ಹೋಗಿ ನಿಂದರತೈತಿ."

ಅಂದರೆ ರೂಬಿ ಏನನ್ನೂ ಮರೆತಿರಲಿಲ್ಲ. ಕಲಿತದ್ದನ್ನು ಅದರ ಮೈ ಪಾಲಿಸಲಾರದೆ ಹೋಗಿತ್ತು. ಮೈಗೆ ವಿಷ ಏರಿದಷ್ಟೂ ಅದು ಒದ್ದೆ ಮಾಡುತ್ತಿತ್ತು. ಒದ್ದೆ ಮಾಡಿದಷ್ಟೂ ನಾವು ಅದನ್ನು ಆ ವಿಷದೊಳಗೇ ಹಾಕಿ ಬಾಗಿಲು ಹಾಕುತ್ತಿದ್ದೆವು. ತೊಳೆದಷ್ಟೂ ಹಲಗೆ ನೆನೆದು ಒಳಗೆ ಇಂಗಿದ್ದನ್ನು ಹೊರಗೆ ಬಿಡುತ್ತಿತ್ತು. ಇದಕ್ಕೆ ನಾವು ಇಟ್ಟ ಹೆಸರು ಶಿಸ್ತು. ಮರಿಯದು ಹಟವಂತೆ, ಮಗುವಿನದು ಹೊಟ್ಟೆಕಿಚ್ಚಂತೆ. ಇಬ್ಬರೂ ತಮಗೆ ಬರುವ ಒಂದೇ ಭಾಷೆಯಲ್ಲಿ ವಾರವಿಡೀ ಹೇಳಿದ್ದನ್ನು, ಎರಡೆರಡು ಡಿಗ್ರಿಯ ನಾನು ಒರೆಸಿ ಹಾಕುವ ವಿಷಯ ಎಂದುಕೊಂಡೆ.

ನಮ್ಮ ಮನೆಗಳಲ್ಲಿ ಇದು ನಾಯಿಗಷ್ಟೇ ಆಗುತ್ತದೆಯೇ? ಮಗು ಶಾಲೆಗೆ ಹೋಗುವುದಿಲ್ಲ ಎಂದು ಅತ್ತರೆ ಬಾಗಿಲ ಚಿಲಕ. ಸೊಸೆ ಉಣ್ಣುವುದಿಲ್ಲ ಎಂದರೆ ಧಿಮಾಕು. ಯಾಕೆ ಎಂದು ಕೇಳುವ ಮೊದಲೇ ನಮಗೆ ಮದ್ದು ಗೊತ್ತಿರುತ್ತದೆ.

ಆದರೆ ಇವತ್ತು ನಾನು ಬರೆಯಲು ಕೂತದ್ದು ಈ ಉಪದೇಶಕ್ಕಲ್ಲ. ಅವಸರದ ಕೆಲಸವೊಂದಿದೆ.

ಸೋಮವಾರ ಮಗು ಕಣ್ಣು ಬಿಟ್ಟ ಮೇಲೆ ಮನೆಗೆ ಬಂದ ಬಸವರಾಜ ಸೀಮೆಎಣ್ಣೆಯ ಡಬ್ಬಿ ಹಿಡಿದು ಹಿತ್ತಲ ಓಣಿಗೆ ಹೋದ, ಪೆಟ್ಟಿಗೆಯನ್ನು ಸುಡಲು. ಪೆಟ್ಟಿಗೆ ಇರಲಿಲ್ಲ. ನಾನೂ ಅವನೂ ಆ ಓಣಿಯ ಮನೆ ಮನೆಗೆ ಹೋಗಿ ಕೇಳಿದೆವು. ಯಾರೂ ನೋಡಿಲ್ಲ. ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸೊಬ್ಬಳು ನಮ್ಮನ್ನೇ ವಿಚಿತ್ರವಾಗಿ ನೋಡಿ ಹೇಳಿದಳು.

"ಜೋಡು ಪೆಟ್ಟಿಗಿ, ಬಾಗಲಾ ಕೂಡ್ಸಿದ್ದು. ಅಂಥಾದ್ದು ಬೀದ್ಯಾಗ ಒಗದ್ರ ಯಾರು ಬಿಡ್ತಾರ್ರೀ?"

ಸಿಂಧನೂರಿನವರೇ, ಸುತ್ತಲ ಕ್ಯಾಂಪಿನ ಹಳ್ಳಿಗಳವರೇ, ನಿಮ್ಮ ಮನೆಗೆ ಈ ವಾರ ಅಂಥದೊಂದು ಪೆಟ್ಟಿಗೆ ಬಂದಿದ್ದರೆ ಹಲಗೆಗೆ ನೀರು ಚಿಮುಕಿಸಿ, ದೂರದಿಂದ ವಾಸನೆ ನೋಡಿ. ಒಯ್ದವರನ್ನು ಯಾರೂ ಬೈಯುವುದಿಲ್ಲ. ಬಸವರಾಜನ ಅಂಗಡಿಗೆ ಹೇಳಿ ಕಳಿಸಿದರೆ ಸಾಕು.

ಅದರಲ್ಲಿ ಈಗ ಯಾರು ಮಲಗಿದ್ದಾರೆ?